ಗಾಜಿನಾಚೆಯ ಢೋಲಕಿ

ಭಾಲ್ಕಿ
12 ಜನವರಿ 2025

ಸಂತಪುರದ ಸಿಡಿಲಮ್ಮ, ನಲವತ್ತು ವರ್ಷದ ನನ್ನ ಖಾಸಾ ವೈರಿ ಅನುಸೂಯಾಬಾಯಿಗೆ,

ಹಾವಗೆಪ್ಪನ ಶರಣು. ನೀ ಇನ್ನೂ ಸತ್ತಿಲ್ಲೇನು? ನಾನೂ ಸತ್ತಿಲ್ಲ. ಹಂಗಂದ್ರ ಜುನೈದನ ನಸೀಬು ಚಲೋ ಅದ.

ಆ ಹುಡುಗ ಮತ್ತ ಮನಿಗಿ ಬಂದಿದ್ದ. ಬೀದರ ಬಾಜೂಕ ಕೊಳಾರದಾಗ ಗೋದಾಮಿನ ಹಿಂದ ಒಂದು ಖೋಲಿ ಹಿಡದು, ಗ್ವಾಡಿಗಿ ಸ್ಪಂಜು ಬಡದು, ಸ್ಟುಡಿಯೋ ಮಾಡ್ಯಾನ. ಒಂದು ಕಿಡಕಿ ಇಲ್ಲ. ‘ಇದು ಸ್ಟುಡಿಯೋ ಅಲ್ಲಪಾ, ಸುಡೋ ಡಬ್ಬಿ’ ಅಂದೆ. ‘ಕಾಕಾ, ಸತ್ತವರ ಮನ್ಯಾಗ ನೀವಿಬ್ಬರೂ ಹಾಡೋ ದುಃಖದ ಪದಾ ಯಾರೂ ರೆಕಾರ್ಡ್ ಮಾಡಿಲ್ಲ. ಭಾಲ್ಕಿ ಹಾವಗೆಪ್ಪ, ಔರಾದ ಸೀಮಿ ಅನುಸೂಯಾಬಾಯಿ, ಇಬ್ಬರದೂ ಕೂಡಿ ಒಂದೇ ಆಲ್ಬಮ್’ ಅಂದ. ಆಲ್ಬಮ್ ಅಂದ್ರ ಆಲೂ ಬೊಂಡಾ ಇದ್ದಂಗ, ಕಡದ ಮ್ಯಾಲೇ ಒಳಗ ಏನದ ಗೊತ್ತಾಗ್ತದ. ಕೊಳಾರದಾಗ ಕೊಳಲು ಇಲ್ಲ, ಬರೇ ಗೋಳು ಅಂತ ಹೇಳಿ ಒಪ್ಪಕೊಂಡೆ.

ಗೋಳು ಸೈ. ಆದ್ರ ಸವಾಲ್-ಜವಾಬ್ ಇಲ್ಲ ಅಂದ್ರ ನಮ್ಮಿಬ್ಬರ ಹೆಸರಿಗಿ ಯಾರು ಕಿವಿ ಕೊಡ್ತಾರ? ನೀ ನನಗ ಒಂದು ಸವಾಲ್ ಹಾಕು, ಎದಿ ಸೀಳಬೇಕು. ನಾ ಜವಾಬಿನಾಗ ನಿನ್ನ ನಾಲಗಿ ಕಿತ್ತು ಬೀದರ ಕಿಲ್ಲೇದ ಬಾಗಲಿಗಿ ತೋರಣ ಕಟ್ತೇನಿ.

ಈಗ ನಮ್ಮ ಕಳ್ಳ ಒಪ್ಪಂದ. ಪ್ರತಿ ಸಲದಂಗ ನನ್ನ ಹುಣ್ಣು ಎಲ್ಲದ ಅಂತ ನಾನೇ ನಿನಗ ತೋರಸ್ತೇನಿ, ನಿನ್ನ ಹುಣ್ಣು ನೀ ನನಗ ತೋರ್ಸು. ಬರೋಬರ್ ಅಲ್ಲೇ ಹೊಡದ್ರ ಮಂದಿ ಎದ್ದು ನಿಂದರ್ತಾರ. ಫೋನಿನಾಗ ಹೇಳಿದ್ರ ಮನಿಯವರಿಗಿ ಕೇಳಸ್ತದ. ಅದಕ್ಕೇ ಈ ಕಾಗದ, ಅದಕ್ಕೇ ಬಸ್ ಕಂಡಕ್ಟರ್ ಅಶ್ವಜಿತನ ಚೀಲ.

ನನ್ನ ಹುಣ್ಣು ಹೇಳ್ತೇನಿ ಕೇಳು. ಹೋದ ವರ್ಷ ನನ್ನ ತಮ್ಮ ತೀರಕೊಂಡ ನೋಡು, ಆ ದಿನ ಅವನ ಮಗ ವೀರಭದ್ರ ಬಗದಲ್‌ದಾಗ ದೋಸ್ತರ ಜೋಡಿ ಕುಡದು ಬಿದ್ದಿದ್ದ. ಫೋನ್ ಬಂದ್. ಹೊಲದ ಜಗಳಕ್ಕ ಬಳಗದವರೂ ಬರಲಿಲ್ಲ. ಹೊರಾಕ ಮಂದಿ ಸಾಲದೆ ಚೌಕಿನಾಗ ಕೂಲಿಗಿ ನಿಂತವರನ್ನ ಪಗಾರ ಕೊಟ್ಟು ಕರಕೊಂಡು ಬಂದೆ. ಈ ಮಾತು ನಮ್ಮ ಮನ್ಯಾಗ ಯಾರೂ ಎತ್ತಂಗಿಲ್ಲ. ನೀ ಎತ್ತು.

ನಿನ್ನ ಸಾವು ಬಯಸೋ,
ಹಾವಗೆಪ್ಪ


ಸಂತಪುರ
20 ಜನವರಿ 2025

ಹಾವಗೆಪ್ಪ ಅಣ್ಣನಿಗೆ ಜೈಭೀಮ್.

ನನ್ನ ನಾಲಿಗೆ ಕೀಳುವ ಮೊದಲು ನಿನ್ನ ಚಾಳೀಸು ಎಲ್ಲಿದೆ ಹುಡುಕಿಕೋ. ಎಷ್ಟೋ ಊರಿನ ಕಟ್ಟೆಯ ಮೇಲೆ ನಿನ್ನನ್ನು ಕೊಂದು ಹೂತಿದ್ದೇನೆ. ಬೆಳಿಗ್ಗೆ ಎದ್ದು ನನ್ನದೇ ಕೈಯ ಚಹಾ ಕುಡಿದು ಬಸ್ಸು ಹತ್ತಿದ್ದೀಯ.

ನನ್ನ ಹುಣ್ಣು ಇದು. ದೊಡ್ಡ ಮಗ ನಾಗಸೇನ ಔರಾದದಲ್ಲಿ ಸರ್ಕಾರಿ ನೌಕರಿಗೆ ಸೇರಿದ ಮೇಲೆ ಸಾಹೇಬರು ಮನೆಗೆ ಬಂದರೆ ಹಾರ್ಮೋನಿಯಂ ಮೇಲೆ ಚಾದರ ಹೊದಿಸುತ್ತಾನೆ. “ನಮ್ಮ ಅಮ್ಮರಿ, ಅಂಗನವಾಡಿ ಟೀಚರ್ ಇದ್ರು” ಎನ್ನುತ್ತಾನೆ. ಅಷ್ಟೇ. ಹಾಡುತ್ತಾರೆ ಎನ್ನುವುದಿಲ್ಲ. ಅವನನ್ನು ಓದಿಸಿದ್ದು ಆ ಹಾಡು. ಇದನ್ನು ತೆಗೆದುಕೊಂಡು ಹೋಗಿ ನನ್ನ ಎದೆಗೆ ಎಸೆ.

ನಿನ್ನ ಸವಾಲು ಕಟ್ಟಿದ್ದೇನೆ:

ಮೀಸಿ ತಿರುವೋ ಭಾಲ್ಕಿ ಮುದುಕಾ, ಮನಿತುಂಬ ಗಂಡಸರು ಅಂತೀಯಲ್ಲೋ,
ತಮ್ಮ ಸತ್ತರ ಹೊರುವವರಿಲ್ಲದೆ ಬಾಡಗಿ ಹೆಗಲು ತಂದೀಯಲ್ಲೋ!

ಸಣ್ಣ ಮಗ ಸ್ವಪ್ನಿಲ ಢೋಲಕಿ ಬಾರಿಸುತ್ತಿದ್ದವನು ಈ ಸಾಲಿಗೆ ಕೈ ನಿಲ್ಲಿಸಿಬಿಟ್ಟ. “ಅಮ್ಮಾ, ಇದು ಭಾಳ ಆಯ್ತು. ಮಾಮಾಗ ಅಳು ಬರ್ತದ” ಎಂದ. “ಬರ್ಲಿ. ದುಃಖದ ಪದಾ ಅಂದ ಮ್ಯಾಲ ನಗಸಲಾಕ ಹಾಡ್ತಾರೇನು?” ಎಂದೆ. ಈ ಮಾತು ನೀನೇ ಕೊಟ್ಟದ್ದು ಎಂದು ಅವನಿಗೆ ಹೇಳಲಿಲ್ಲ. ಒಪ್ಪಂದ ಒಪ್ಪಂದವೇ. ಆದರೂ ಅಣ್ಣಾ, ಇದು ಹಸಿ ಗಾಯ. ಬೇಡವೆಂದರೆ ಈಗಲೇ ಹೇಳು, ಬೇರೆ ಕಟ್ಟುತ್ತೇನೆ.

ಇನ್ನೊಂದು ಚಿಂತೆ. ಜುನೈದ ನನ್ನನ್ನು ಮೊದಲು ಕರೆದಿದ್ದಾನೆ, ನಿನ್ನನ್ನು ಆಮೇಲೆ. ನಮ್ಮಲ್ಲಿ ಸವಾಲು ಬಿದ್ದ ಕೂಟದಲ್ಲೇ ಜವಾಬು ಬೀಳಬೇಕು. ಜವಾಬು ಕೇಳದೆ ಮಂದಿ ಎದ್ದು ಹೋದರೆ ಅದು ಸವಾಲಲ್ಲ, ಬೈಗುಳ. ಕೇಳಿದರೆ, “ಚಿಂತಿ ಮಾಡಬ್ಯಾಡ್ರಿ ಅಮ್ಮಾ, ಹಿಂದಾಗಡೆ ಎರಡೂ ಜೋಡಸ್ತೇನಿ” ಎಂದ. ಜೋಡಿಸುವವರೆಗೆ ನನ್ನದೊಂದೇ ನಿಂತಿರುತ್ತದಲ್ಲ, ಅದಕ್ಕೇನು ಮಾಡುವುದು?

ಅನುಸೂಯಾ


ಭಾಲ್ಕಿ
2 ಫೆಬ್ರವರಿ 2025

ನನ್ನ ಎದಿ ಸೀಳಿದ ಮಹಾತಾಯಿಗೆ,

ಸತ್ತೆ! ಖರೇನೇ ಸತ್ತೆ! ನೀ ಸ್ಟುಡಿಯೋದಾಗ ಹಾಡಿದ ಸವಾಲ್ ಜುನೈದ ನನ್ನ ಮೊಬೈಲಿಗಿ ಕಳಸಿದ. ‘ಬಾಡಗಿ ಹೆಗಲು’ ಅನ್ನೋ ಕಡಿ ದನಿ ಹರೀತು ನೋಡು, ಅಲ್ಲಿ ನಾ ರೊಟ್ಟಿ ಬಿಟ್ಟು ಅದನ್ನೇ ಮತ್ತ ಮೊದಲಿಂದ ಹಚ್ಚಿ ಕೇಳಿದೆ. ಸಂತಪುರದಾಗ ಸಂತರೂ ಇಲ್ಲ, ಪುರವೂ ಇಲ್ಲ, ಬರೇ ಕೊಡಲಿ ಅದ. ಬದಲಿ ಮಾಡಿದ್ರ ನಿನ್ನ ಮನಿ ಮುಂದ ಬಂದು ಉಪವಾಸ ಕೂಡ್ತೇನಿ.

ಇಂಥಾ ಸುಖ ಒಬ್ಬನೇ ಹ್ಯಾಂಗ ನುಂಗ್ಲಿ? ನಮ್ಮ ಮನಿತನದ ವಾಟ್ಸಾಪ್ ಗ್ರೂಪಿನಾಗ ಹಾಕಿಬಿಟ್ಟೆ. ಕೆಳಗ ಬರದೆ: ‘ನೋಡ್ರಪಾ, ಸಂತಪುರದಾಕಿ ನಮ್ಮ ಗಂಡಸ್ತನ ಹ್ಯಾಂಗ ಅಳದಾಳ!’ ಯಾರೂ ಒಂದು ನಗೋ ಮಾರಿ ಸುದ್ದಾ ಕಳಸಲಿಲ್ಲ. ಸಿಗ್ನಲ್ ಇಲ್ಲ ಕಾಣಸ್ತದ.

ತಮ್ಮನ ಹೆಂಡತಿ ದಾನಮ್ಮ ಮುಂಜಾನಿಂದ ಮಾತಾಡಿಲ್ಲ. ಪಲ್ಯದಾಗ ಉಪ್ಪೂ ಇಲ್ಲ. ವೀರಭದ್ರ ಕೊಳಾರದ ಗೋದಾಮಿಗಿ ಡ್ಯೂಟಿಗಿ ಹೋಗೋ ಮುಂದ ಬಾಗಲದಾಗ ನಿಂತು ಕೇಳಿದ, “ದೊಡ್ಡಪ್ಪಾ, ಈ ಮಾತು ಆಕಿಗಿ ಯಾರು ಹೇಳಿದ್ರು?”

“ಗಾಳಿ ಹೇಳ್ತು” ಅಂದೆ.

“ಆಕಿ ಮಗ ಢೋಲಕಿ ಬಾರಸ್ತಾನಲ್ಲ, ಅವ ಗೋದಾಮಿನ ಕಡಿ ಭಾಳ ತಿರಗತಾನ. ಅವನೇ ಏನು?”

“ಇದ್ದರೂ ಇರಬಹುದು” ಅಂದೆ. ಹುಡುಗನ ಮಾರಿ ಮೆಣಸಿನಕಾಯಿ ಆಯ್ತು. ನನಗ ಇನ್ನಷ್ಟು ಮಜಾ ಬಂತು. ಗುರುವಾರ ನನ್ನ ಜವಾಬು ಅದ, ಅದನ್ನ ಕೇಳಿದ ಮ್ಯಾಲ ಇದೇ ಹುಡುಗ ನನ್ನ ಕಾಲು ಹಿಡೀತಾನ ನೋಡ್ತಿರು. ಸ್ವಪ್ನಿಲನ್ನ ಕಳಸು, ತಾಳ ತಪ್ಪಿದ್ರ ಕಣ್ಸನ್ನಿ ಮಾಡ್ಲಿ.

ಹಾವಗೆಪ್ಪ


ಭಾಲ್ಕಿ
8 ಫೆಬ್ರವರಿ 2025

ಶ್ರೀಮತಿ ಅನುಸೂಯಾಬಾಯಿ ಅವರಿಗೆ,

ದಿನಾಂಕ 6ರಂದು ಗುರುವಾರ ಕೊಳಾರದ ಸ್ಟುಡಿಯೋದಲ್ಲಿ ನಡೆದ ಘಟನೆಯ ಬಗ್ಗೆ ತಿಳಿದು ನನಗೆ ಅತೀವ ದುಃಖವಾಗಿದೆ. ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಮೂವರು ಅಪರಿಚಿತರು ಒಳನುಗ್ಗಿ ತಮ್ಮ ಮಗನಾದ ಸ್ವಪ್ನಿಲನ ಮೇಲೆ ಹಲ್ಲೆ ಮಾಡಿರುತ್ತಾರೆ. ಆ ಸಮಯದಲ್ಲಿ ನಾನು ಒಳಗಿನ ಗಾಜಿನ ಕೋಣೆಯಲ್ಲಿ ಕಣ್ಣು ಮುಚ್ಚಿ ಹಾಡುತ್ತಿದ್ದುದರಿಂದ ಏನನ್ನೂ ನೋಡಿರುವುದಿಲ್ಲ. ಬಂದವರು ಯಾರೆಂದು ನನಗೆ ಗೊತ್ತಿರುವುದಿಲ್ಲ.

ಹುಡುಗನು ಬೇಗ ಗುಣಮುಖನಾಗಲಿ ಎಂದು ಪ್ರಾರ್ಥಿಸುತ್ತೇನೆ.

ಇಂತಿ ತಮ್ಮ,
ಹಾವಗೆಪ್ಪ


ಬೀದರ, ದವಾಖಾನೆ
11 ಫೆಬ್ರವರಿ 2025

ಹಾವಗೆಪ್ಪನವರೇ,

ನಿಮ್ಮ ಪತ್ರ ಓದಿದೆ. ನಲವತ್ತು ವರ್ಷದಲ್ಲಿ ನೀವು ಒಂದೂ ಚೇಷ್ಟೆಯಿಲ್ಲದೆ ಬರೆದ ಪತ್ರ ಇದೊಂದೇ. ‘ಇರುತ್ತಾರೆ, ಇರುವುದಿಲ್ಲ’ ಎಂದು ಬರೆದಿದ್ದೀರಲ್ಲ, ಇದು ಯಾರ ಕನ್ನಡ? ಠಾಣೆಯಲ್ಲಿ ಹೇಳಲು ಮನೆಯಲ್ಲಿ ಬಾಯಿಪಾಠ ಮಾಡಿಸಿದ ಕನ್ನಡ. ಹೆಣದ ಮುಂದೆ ಕೂತು ಹೆಣವನ್ನೇ ನಗಿಸುವ ಮನುಷ್ಯ ಹೀಗೆ ಬರೆದರೆ ಅವನು ಸುಳ್ಳು ಹೇಳುತ್ತಿದ್ದಾನೆ.

ಏನಾಯಿತು ಎಂದು ನಿಮಗೆ ಗೊತ್ತಿಲ್ಲವಂತೆ. ನಾನು ಹೇಳುತ್ತೇನೆ. ಇಬ್ಬರು ಸ್ವಪ್ನಿಲನ ಕುತ್ತಿಗೆ ಅದುಮಿ ಹಿಡಿದರು. ಒಬ್ಬ ಅವನ ಬಲಗೈ ಎಳೆದು ಮೇಜಿನ ಮೇಲೆ ಇಟ್ಟ. “ಯಾವ ಕೈಲೆ ಬಾರಸ್ತಿಯೋ? ಇದೇ ಏನು?” ಎಂದು ಕೇಳಿ ಕಬ್ಬಿಣದ ಪೈಪಿನಿಂದ ಹೊಡೆದ. ಕೈ ಎಳೆದುಕೊಂಡಾಗ ಮತ್ತೆ ತಂದು ಇಟ್ಟ, ಮತ್ತೆ ಹೊಡೆದ. ಜುನೈದ ಬಿಡಿಸಲು ಹೋದದ್ದಕ್ಕೆ ಅವನ ತಲೆಯನ್ನು ಗೋಡೆಗೆ ಅಪ್ಪಳಿಸಿದರು. ನಿನ್ನೆ ಡಾಕ್ಟರರು ನನ್ನ ಮಗನ ಎರಡು ಬೆರಳು ತೆಗೆದರು. ಉಳಿದವು ಬಾಗುತ್ತವೋ ಇಲ್ಲವೋ ಹೇಳುವುದಿಲ್ಲ.

ಎಚ್ಚರವಾದ ಮೇಲೆ ಅವನು ಆಡಿದ ಮೊದಲ ಮಾತು ಇದು: “ಅಮ್ಮಾ, ಮಾಮಾ ನೋಡಿದ. ಕಾಜಿನ ಆ ಕಡಿ ನಿಂತು ನನ್ನ ಮಾರಿ ನೋಡಿ ನಕ್ಕೋತ ಹಾಡ್ಲತ್ತಿದ್ದ.”

ನಕ್ಕಿರಾ?

ಸ್ಟೇಜಿನ ಮೇಲೆ ನಿಮ್ಮನ್ನು ಎಷ್ಟು ಸಲ ಕಡಿದಿದ್ದೇನೆ, ಸುಟ್ಟಿದ್ದೇನೆ. ಆಟ ಎಂದು ಗೊತ್ತಿತ್ತು. ಈಗ ದವಾಖಾನೆಯ ಬೆಂಚಿನ ಮೇಲೆ ಕೂತು ನಿಮ್ಮ ಗಂಟಲಿಗೆ ಕೈ ಹಾಕುವುದನ್ನು ನೆನೆಯುತ್ತೇನೆ, ಇದು ಆಟವಲ್ಲ.

ನಾಗಸೇನ ರಜೆ ಹಾಕಿದ್ದಾನೆ. ಇಸ್ತ್ರಿ ಅಂಗಿಯ ನನ್ನ ಮಗ ಮನೆಯಲ್ಲಿ ಕುಳಿತು ಸಲಾಕೆಯ ತುದಿ ಮಸೆಯುತ್ತಿದ್ದಾನೆ. ಓಣಿಯ ಹುಡುಗರು ಅವನ ಜೊತೆ ಇದ್ದಾರೆ. “ನೋಡಿದ ಮುದುಕನೇ ಬಾಯಿ ಬಿಡ್ಲಿಲ್ಲ ಅಂದ್ರ ಕೇಸ್ ನಿಂದರಂಗಿಲ್ಲಮ್ಮಾ. ಭಾಲ್ಕಿಗಿ ಹೋಗಿ ನಾವೇ ಕೇಳ್ತೇವಿ” ಎನ್ನುತ್ತಾನೆ. ಈ ವಾರ ನಾನು ಅವನ ಕೈ ಹಿಡಿದು ನಿಲ್ಲಿಸುತ್ತೇನೆ.

ಇದು ನನ್ನ ಸವಾಲು, ಇದಕ್ಕೆ ರಾಗವಿಲ್ಲ. ನನ್ನ ಮಗನನ್ನು ಹೊಡೆದವರು ಯಾರು?

ಅನುಸೂಯಾಬಾಯಿ


ಸಂತಪುರ
16 ಫೆಬ್ರವರಿ 2025

ಹಾವಗೆಪ್ಪನವರೇ,

ಬಸ್ಸು ಬಂತು. ಅಶ್ವಜಿತ ದೂರದಿಂದಲೇ ಕಾಗದ ಇಲ್ಲವೆಂದು ಕೈ ಆಡಿಸಿದ.

ನನ್ನ ಕೈ ಸೋತಿದೆ. ಇನ್ನು ನಾಗಸೇನನನ್ನು ಹಿಡಿಯುವುದಿಲ್ಲ.

ಅನುಸೂಯಾಬಾಯಿ


ಬೀದರ
17 ಫೆಬ್ರವರಿ 2025

ತಂಗಿ ಅನುಸೂಯಾಬಾಯಿಯವರಿಗೆ,

ವೀರಭದ್ರ. ನನ್ನ ತಮ್ಮನ ಮಗ. ಅವನ ಜೋಡಿ ಗೋದಾಮಿನ ಇಬ್ಬರು. ಇವತ್ತು ಠಾಣಾಕ್ಕ ಹೋಗಿ ಬಯಾನ್ ಕೊಟ್ಟು ಬಂದೇನಿ. ಮೊದಲ ಈ ಸಾಲು ನಾಗಸೇನಗ ಓದಿ ಹೇಳ್ರಿ, ಉಳಿದದ್ದು ಆಮ್ಯಾಲ ಓದ್ರಿ.

ನಕ್ಕಿರಾ ಅಂತ ಕೇಳೀರಿ. ಹೌದ್ರಿ, ನಕ್ಕೆ.

ನನ್ನ ತಲಿಗಿ ಹೆಡ್‌ಫೋನ್ ಹಾಕಿ ಕಾಜಿನ ಡಬ್ಬ್ಯಾಗ ನಿಲ್ಲಿಸಿದ್ರು. ಹೊರಗಿನ ಒಂದು ಸಪ್ಪಳ ಒಳಗ ಬರಂಗಿಲ್ಲ. ಕಿವ್ಯಾಗ ಸ್ವಪ್ನಿಲನ ಢೋಲಕಿ, ನಿಮ್ಮ ಸವಾಲಿನ ದಿನ ಅವ ಬಾರ್ಸಿ ಇಟ್ಟಿದ್ದು. ಕಾಜಿನ ಆ ಕಡಿ ಅವನೇ ಖುದ್ದ ಕುಂತು ಮೇಜಿನ ಮ್ಯಾಲ ಬೆರಳಿಲೆ ತಾಳ ಹಾಕ್ಲತ್ತಿದ್ದ. ನಾ ಕಣ್ಣು ಮುಚ್ಚಿ ಜವಾಬು ಎತ್ತಿದೆ:

ಹೌದ ತಂಗಿ ಬಾಡಗಿ ಹೆಗಲು, ಬಾಡಗಿ ಇಲ್ಲದ್ದು ಯಾವುದು ಹೇಳ?

ಕಣ್ಣು ತೆರದಾಗ ಕಾಜಿನ ಆ ಕಡಿ ಮಾರಿಗಿ ದಸ್ತಿ ಕಟ್ಟಿದ ಮೂರು ಮಂದಿ ಇದ್ದರು. ಸ್ವಪ್ನಿಲನ ಕೈ ಮೇಜಿನ ಮ್ಯಾಲ ಇತ್ತು. ಒಬ್ಬ ಪೈಪು ಎತ್ತಿದ. ಜನ್ಮಪೂರ್ತಿ ಮಂದಿಗಿ ಚೇಷ್ಟಿ ಮಾಡಿದವ ನಾನು. ಒಬ್ಬನ ಹಾಸಿಗ್ಯಾಗ ಕಪ್ಪಿ ಬಿಟ್ಟೇನಿ, ಜೀವಂತ ಇದ್ದವನ ತಿಥಿ ಊಟಕ್ಕ ಊರು ಕರದೇನಿ. ಇವತ್ತು ಜುನೈದ, ಸ್ವಪ್ನಿಲ ಕೂಡಿ ನನ್ನ ಹೆದರಸ್ಲತ್ತಾರ, ಹಾಡು ನಿಂತ್ರ ನಾ ಸೋತಂಗ ಅನ್ಕೊಂಡೆ. ಸ್ವಪ್ನಿಲ ಬಾಯಿ ತೆರದಿದ್ದ. ಚಲೋ ನಾಟಕ ಮಾಡ್ತಾನ ಅಂತ ನಕ್ಕು, ಇನ್ನೂ ಜೋರಿಲೆ ಎತ್ತಿದೆ:

ಮೈಯಿ ಬಾಡಗಿ, ಉಸರು ಬಾಡಗಿ, ಹೊತ್ತವನೊಬ್ಬನೇ ಮನಿಯವ ಕೇಳ!

ಕಿವ್ಯಾಗ ಅವನ ಢೋಲಕಿ ಒಂದು ಪೆಟ್ಟು ತಪ್ಪಲಿಲ್ಲ. ಕಣ್ಣ ಮುಂದ ಅದೇ ಕೈ ಮ್ಯಾಲ ಪೈಪು ಬೀಳ್ಲತ್ತಿತ್ತು. ನಡನಡಕ ಢೋಲಕಿ ಪೆಟ್ಟು, ಪೈಪಿನ ಪೆಟ್ಟು ಎರಡೂ ಬರೋಬರ್ ಕೂಡತಿದ್ವು. ಆಮ್ಯಾಲ ಕಾಜಿಗಿ ರಕ್ತ ಸಿಡೀತು. ಹೊಡೆಯೋ ಹುಡುಗನ ಮಾರಿ ಮ್ಯಾಲಿನ ದಸ್ತಿ ಜಾರಿತು. ವೀರಭದ್ರ ನನ್ನ ನೋಡಿದ, ನಾ ಅವನ್ನ ನೋಡಿದೆ. ಏನೋ ಅಂದ, ನನಗ ಕೇಳಸಲಿಲ್ಲ. “ಈಗ ಹಾಡು” ಅಂದನಂತ, ಮಾರಿ ಕಾಣದೆ ನೆಲಕ್ಕ ಬಿದ್ದಿದ್ದ ಜುನೈದ ಆಮ್ಯಾಲ ಹೇಳಿದ. ಓಡಿ ಬರ್ಲಾಕ ಹೋದೆ, ವಾಯರು ಕೊರಳಿಗಿ ಸುತ್ತಿ ಬಿದ್ದೆ. ಏಳೋದ್ರಾಗ ಅವರು ಹೋಗಿದ್ರು.

ಮನಿಗಿ ಬಂದ್ರ ದಾನಮ್ಮ ಹೊಸ್ತಲದಾಗ ಕುಂತಿದ್ದಳು. “ಭಾವಾ, ನೀವು ಕಣ್ಣು ಮುಚ್ಚಿ ಹಾಡ್ತೀರಿ, ಎಲ್ಲೋರಿಗಿ ಗೊತ್ತದ. ಅಷ್ಟೇ ಹೇಳ್ರಿ. ಸುಳ್ಳೂ ಅಲ್ಲ” ಅಂದಳು. ನಾ ದಾಟಿ ಒಳಗ ಹೋಗ್ಲಾಕ ನೋಡಿದೆ. “ಅವರಪ್ಪನ ಹೊರಾಕ ಅವ ಬರಲಿಲ್ಲ. ನನಗ ಹೊರಾಕರ ಒಬ್ಬ ಇರ್ಲಿರಿ” ಅಂದಳು. ಆ ಮಾತಿಗಿ ನಿಮಗ ಆ ಕೆಟ್ಟ ಪತ್ರ ಬರದೆ. ಕೈ ಸೋತಿದೆ ಅಂತ ಬರದ ನಿಮ್ಮ ಪತ್ರ ಅಶ್ವಜಿತ ನಿನ್ನಿ ಕೊಟ್ಟ. ಓದಿ, ಮುಂಜಾನಿ ಮೊದಲನೇ ಬಸ್ಸಿಗಿ ಕುಂತೆ.

ಠಾಣಾದಾಗ ಇನ್ನೊಂದು ಮಾತೂ ಬರೀರಿ ಅಂದೆ: ಬಾಡಗಿ ಹೆಗಲಿನ ಸುದ್ದಿ ಆಕಿಗಿ ಕೊಟ್ಟವ ನಾನು, ಆ ಹಾಡು ಗ್ರೂಪಿನಾಗ ಹಾಕಿದವ ನಾನು, ಯಾರು ಹೇಳಿದ್ರು ಅಂತ ಹುಡುಗ ಕೇಳಿದಾಗ ಢೋಲಕಿಯವ ಇರಬಹುದು ಅಂದವನೂ ನಾನು. ಫೌಜದಾರ ಪೆನ್ನು ಕೆಳಗಿಟ್ಟು, “ಇದು ಯಾವ ಕಲಮಿನಾಗೂ ಬರಂಗಿಲ್ಲ ಅಜ್ಜಾ” ಅಂದ.

ಹಿಂದೇ ಬಂದಿದ್ದ ದಾನಮ್ಮಗ ಅದನ್ನೇ ಗೇಟಿನ ಮುಂದ ಹೇಳಿದೆ. ಆಕಿ ಚಪ್ಪಲಿ ತಗೊಂಡು ಹೊಡದಳು. ಬಾಯಿ ಮ್ಯಾಲ, ಕಿವಿ ಮ್ಯಾಲ, ಅದರ ಉಂಗುಟ ಹರಿಯೋತನ. ಹರದ ಮ್ಯಾಲ ಕೈಲೆ ಹೊಡದಳು. ಬಿಡಸ್ಲಾಕ ಬಂದವರಿಗಿ ದೂರ ಇರ್ರಿ ಅಂದೆ. ಎಡಗಿವ್ಯಾಗ ಈಗ ಏನೂ ಕೇಳಸಂಗಿಲ್ಲ. ಬೀದರದಾಗ ಒಬ್ಬ ದೋಸ್ತನ ಖೋಲ್ಯಾಗ ಇದ್ದೇನಿ. ಭಾಲ್ಕಿ ಮನಿ ಬಾಗಲು ನನಗ ಇನ್ನ ಇಲ್ಲ.

ಮಧ್ಯಾಹ್ನ ವೀರಭದ್ರನ್ನ ಗೋದಾಮಿನಾಗೇ ಹಿಡದ್ರು. ನಾಗಸೇನಗ ಹೇಳ್ರಿ, ಭಾಲ್ಕಿ ತನ ಬಂದ್ರ ಬಸ್ ಚಾರ್ಜು ದಂಡ. ಹೊಡಸಕೊಳ್ಳೋರು ಯಾರೂ ಮನ್ಯಾಗ ಉಳದಿಲ್ಲ.

ಹಾವಗೆಪ್ಪ


ಸಂತಪುರ
24 ಫೆಬ್ರವರಿ 2025

ಹಾವಗೆಪ್ಪನವರೇ,

ನಿಮ್ಮ ಪತ್ರ ಬಂದಾಗ ಮನೆಯ ಮುಂದೆ ಮೂರು ಮೋಟರ್‌ಸೈಕಲ್ ಶುರುವಾಗಿ ನಿಂತಿದ್ದವು. ಅಶ್ವಜಿತ ಬಸ್ಸನ್ನು ರಸ್ತೆಯಲ್ಲೇ ಬಿಟ್ಟು ಓಡಿಬಂದ. ನಾನು ಗಾಡಿಯ ಮುಂದೆ ನಿಂತು ಮೊದಲ ಸಾಲು ಓಣಿಗೆಲ್ಲ ಕೇಳುವಂತೆ ಓದಿದೆ. “ಅಮ್ಮಾ, ಬಾಜೂಕ ಸರಿ, ಮುದುಕ ಮತ್ತ ಚೇಷ್ಟಿ ಮಾಡ್ಲತ್ತಾನ” ಎಂದ ನಾಗಸೇನ. ನಾನು ಸರಿಯಲಿಲ್ಲ. ಮುಂದಿನ ಗಾಲಿ ನನ್ನ ಮೊಣಕಾಲಿಗೆ ತಾಗಿತು. ಕೊನೆಗೆ ಠಾಣೆಗೆ ಫೋನ್ ಹಚ್ಚಿದ. ಖರೆ ಎಂದು ಗೊತ್ತಾದ ಮೇಲೆ ಆ ಸಲಾಕೆಯಿಂದ ತನ್ನ ಗಾಡಿಯನ್ನೇ ಹೊಡೆದ. ದೀಪ, ಟಾಕಿ, ಕನ್ನಡಿ ಎಲ್ಲ ಜಜ್ಜಿ, ಆ ಚೂರುಗಳ ನಡುವೆ ಕುಳಿತು ಅತ್ತ.

ಕ್ಷಮಿಸಿದ್ದೇನೆ ಎಂದುಕೊಳ್ಳಬೇಡಿ. ದಾನಮ್ಮನ ಚಪ್ಪಲಿ ಹರಿಯದೆ ಇದ್ದಿದ್ದರೆ ಚೆನ್ನಾಗಿತ್ತು ಎಂದು ಓದುವಾಗ ಅನಿಸಿತು. ಆಮೇಲೆ ನನ್ನ ಬಗ್ಗೆಯೂ ಯೋಚಿಸಿದೆ. ಹಸಿ ಗಾಯ ಎಂದು ನನಗೆ ಗೊತ್ತಿತ್ತು. ಮಂದಿ ಎದ್ದು ನಿಲ್ಲುತ್ತಾರೆ ಎಂಬ ಆಸೆಗೆ ಹಾಡಿದೆ.

ಸ್ವಪ್ನಿಲನನ್ನು ದವಾಖಾನೆಯಿಂದ ಮನೆಗೆ ತಂದ ಮೇಲೆ ನಮ್ಮ ಒಪ್ಪಂದವನ್ನು ಅವನಿಗೆ ಹೇಳಿದೆ. “ಅಂದ್ರ ನೀವಿಬ್ಬರೂ ಕೂಡಿ ನನ್ನ ಕೈ ಮುರದ್ರಿ” ಎಂದು ಗೋಡೆಯ ಕಡೆ ತಿರುಗಿ ಮಲಗಿದ. ನನ್ನ ಕೈಯಿಂದ ಊಟ ತೆಗೆದುಕೊಳ್ಳಲಿಲ್ಲ. ನಾಗಸೇನ ಉಣ್ಣಿಸಿದ.

ಮೊನ್ನೆ ಜುನೈದ ತಲೆಗೆ ಪಟ್ಟಿ ಕಟ್ಟಿಕೊಂಡು ಬಂದಿದ್ದ. ಆ ದಿನ ನಿಮ್ಮ ಮುಂದಿನ ಮೈಕು ನಡೆದೇ ಇತ್ತಂತೆ. “ಅಳಸಿಬಿಡ್ತೇನಿ ಅಣ್ಣಾ” ಎಂದ. ಸ್ವಪ್ನಿಲ ಹಾಕು ಎಂದ. ಎಲ್ಲರೂ ಕೇಳಿದೆವು. ನಿಮ್ಮ ಎರಡು ಸಾಲು ಇವೆ. ಎರಡನೆಯದರಲ್ಲಿ ನೀವು ನಗುವುದು ಕೇಳಿಸುತ್ತದೆ. ನಿಮ್ಮ ದನಿ ಎಂದೂ ಅಷ್ಟು ಚೆನ್ನಾಗಿರಲಿಲ್ಲ. ಆಮೇಲೆ ನೀವು ಬಿದ್ದ ಸದ್ದು. ಆಮೇಲೆ ಬರೀ ನಿಮ್ಮ ಉಸಿರು.

“ಇದರಾಗ ಒಂದು ಅಕ್ಷರ ಅಳಸಬ್ಯಾಡ. ಹಿಂಗೇ ಆಲ್ಬಮ್ಮಿನಾಗ ಹೋಗ್ಲಿ. ಮುಂದಿಂದು ಮಾಮಾ ಬಂದು ಹಾಡಿ ಮುಗಸ್ಲಿ” ಎಂದ ಸ್ವಪ್ನಿಲ. ನಾಗಸೇನ ಬೇಡವೆಂದ. ನಾನೂ ಬೇಡವೆಂದೆ. “ಕೈ ನಂದು” ಎಂದ.

ಮುಂದಿನ ಗುರುವಾರ ಕೊಳಾರಕ್ಕೆ ಬನ್ನಿ. ಕೇಳಿಸುವ ಕಿವಿಗೆ ಹೆಡ್‌ಫೋನ್ ಹಾಕಿಕೊಳ್ಳಿ. ಢೋಲಕಿ ಅದೇ ಇರುತ್ತದೆ, ಅವನು ಹತ್ತು ಬೆರಳಿನಿಂದ ಬಾರಿಸಿದ್ದು. ಅವನು ಗಾಜಿನ ಈಚೆ, ಕೈಯನ್ನು ಮೇಜಿನ ಮೇಲೆ ಇಟ್ಟುಕೊಂಡು ನಿಮ್ಮ ಎದುರಿಗೆ ಕುಳಿತಿರುತ್ತಾನೆ. ಪಟ್ಟಿ ಬಿಚ್ಚಿರುತ್ತದೆ.

ನೀವು ಕಣ್ಣು ಮುಚ್ಚಿದರೆ ಜುನೈದ ಅಲ್ಲಿಗೇ ನಿಲ್ಲಿಸಿ ಮತ್ತೆ ಮೊದಲಿನಿಂದ ಹಾಕುತ್ತಾನೆ. ಎಷ್ಟು ಸಲವಾದರೂ.

ಅನುಸೂಯಾಬಾಯಿ